ಅಗಸಿಯ ತಿರುವಿಗೆ ಬೆಳಕು

ನಾನು ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆ ಕಲಬುರಗಿಯಲ್ಲಿದೆ, ತವರುಮನೆ ಶಾಲೆಯಿರುವ ಊರಿನಲ್ಲಿಯೇ ಇದೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆಯ ವಿಶೇಷ ತರಗತಿ ಮುಗಿಸಿ, ಅವ್ವನನ್ನು ಕಂಡು ಬರಲೆಂದು ಊರೊಳಗೆ ಕಾರು ತಿರುಗಿಸುವ ಹೊತ್ತಿಗೆ ಚಳಿಗಾಲದಲ್ಲಿ ಪೂರ್ತಿ ಕತ್ತಲಾಗಿರುತ್ತದೆ. ಅಗಸಿ, ಅಂದರೆ ಊರ ಹೆಬ್ಬಾಗಿಲು, ದಾಟಿದ ಕೂಡಲೇ ದಾರಿ ಮೊಣಕೈ ಮಡಿಸಿದಂತೆ ಎಡಕ್ಕೆ ತಿರುಗುತ್ತದೆ. ಹೆಡ್‌ಲೈಟಿನ ಬೆಳಕೆಲ್ಲ ಎದುರಿನ ಕಲ್ಲುಗೋಡೆಗೆ ಬಡಿದು ನಿಲ್ಲುತ್ತದೆ. ಕಾರಿನ ಮೂತಿ ಹೊರಳುತ್ತಿರುವ ಎಡಬದಿ ಮಾತ್ರ, ಅಂದರೆ ತೆರೆದ ಗಟಾರ, ಅದರ ಮೇಲೆ ಅಲ್ಲಲ್ಲಿ ಹಾಸಿದ ಶಹಾಬಾದಿ ಪರಸಿ ಕಲ್ಲು, ಹಿರಿಯರು ಕೂರುವ ಕಟ್ಟೆ, ಕಟ್ಟೆಯ ಬುಡಕ್ಕೆ ಒಟ್ಟಿದ ತೊಗರಿ ಕಟ್ಟಿಗೆ, ಇವೆಲ್ಲ ಕತ್ತಲಲ್ಲಿಯೇ ಉಳಿಯುತ್ತವೆ. ಕಾರ್ತಿಕ ಮಾಸದ ಒಂದು ಸಂಜೆ ಆ ತಿರುವಿನಲ್ಲಿ ಮಲಗಿದ್ದ ಎಳೆಗರುವೊಂದು ನನಗೆ ಕಂಡದ್ದು ಅದು ಗಾಬರಿಯಿಂದ ತಲೆಯೆತ್ತಿದ ಮೇಲೆ; ಬ್ರೇಕ್ ಒತ್ತಿ ಇಳಿದು ನೋಡಿದರೆ ಬಂಪರಿಗೂ ಅದರ ಕೊರಳಿಗೂ ನಡುವೆ ಒಂದು ಮೊಳ ಅಂತರವಿತ್ತು. ಅಂದು ಮನೆ ಮುಟ್ಟುವವರೆಗೂ ನನ್ನ ಕೈನಡುಕ ನಿಂತಿರಲಿಲ್ಲ.

ಈ ಸಂಗತಿಯನ್ನು ನಾನು ಫೋನಿನಲ್ಲಿ ತಮ್ಮನ ಮಗನಿಗೆ ಹೇಳಿದೆ. ಅವನು ಪುಣೆಯಲ್ಲಿ ವಾಹನದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾನೆ. ಪೂರ್ತಿ ಕೇಳಿಸಿಕೊಂಡು ಅವನು, "ಅತ್ತೀ, ಆ ತಿರುವಿನ ಲೈಟು ನಿಮ್ಮ ಗಾಡ್ಯಾಗ ಮೊದಲs ಅದಾವ ಅನಸ್ತದ. ಹಚ್ಚೋದೊಂದು ಬಾಕಿ ಅದ. ಎಳ್ಳಮಾವಾಸ್ಯಿಗೆ ಬಂದಾಗ ನೋಡೋಣು" ಎಂದ. ಇಲ್ಲದ್ದನ್ನು ತಂದು ಕೂರಿಸುವುದು ಬೇರೆ, ಇದ್ದೂ ಮಲಗಿರುವುದನ್ನು ಎಬ್ಬಿಸುವುದು ಬೇರೆ. ಅಲ್ಲಿಂದ ಮುಂದೆ ಒಂದು ತಿಂಗಳು ನಾನು ಓದಿ ತಿಳಿದುಕೊಂಡದ್ದನ್ನೂ, ನಂತರ ನಾವಿಬ್ಬರೂ ಮಾಡಿದ್ದನ್ನೂ, ಮಾಡುವಾಗ ಎಡವಿದ್ದನ್ನೂ ಇಲ್ಲಿ ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ.

ನನ್ನದು 2013ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. ಸಂಬಂಧಿಕರೊಬ್ಬರಿಂದ ಕೊಂಡದ್ದು. ಇದರ ಮುಂದಿನ ಬಂಪರಿನಲ್ಲಿ ಎರಡು ಫಾಗ್ ದೀಪಗಳಿವೆ, ಅಂದರೆ ಮಂಜಿನಲ್ಲಿ ದಾರಿ ತೋರುವ ದೀಪಗಳು; ಆದರೆ ಅವು ಸ್ವಿಚ್ ಹಾಕಿದಾಗ ಜೋಡಿಯಾಗಿ ಮಾತ್ರ ಉರಿಯುತ್ತಿದ್ದವು. 2014ರಲ್ಲಿ ಪೋಲೋ ಹೊಸ ರೂಪದಲ್ಲಿ ಬಂದಾಗ ಮೇಲಿನ ದರ್ಜೆಯ ಕಾರುಗಳಲ್ಲಿ ಅದೇ ಫಾಗ್ ದೀಪಗಳಿಗೆ ತಿರುವು ದೀಪದ ಕೆಲಸವನ್ನೂ ಕೊಟ್ಟರು. ಹೆಡ್‌ಲೈಟ್ ಉರಿಯುತ್ತಿರುವಾಗ, ಕಾರು ನಿಂತಿದ್ದರೆ ಅಥವಾ ನಿಧಾನವಾಗಿ ಚಲಿಸುತ್ತಿದ್ದರೆ, ಸ್ಟೀರಿಂಗನ್ನು ಯಾವ ಕಡೆಗೆ ತಿರುಗಿಸುತ್ತೇವೆಯೋ ಅಥವಾ ಯಾವ ಕಡೆಯ ಇಂಡಿಕೇಟರ್ ಹಾಕುತ್ತೇವೆಯೋ ಆ ಕಡೆಯ ಫಾಗ್ ದೀಪವೊಂದೇ ತಾನಾಗಿ ಹೊತ್ತಿಕೊಳ್ಳುತ್ತದೆ. ಫಾಗ್ ದೀಪದ ಬೆಳಕು ನೆಲಕ್ಕೆ ಹತ್ತಿರವಾಗಿ, ಅಗಲವಾಗಿ ಹರಡುವುದರಿಂದ ಹೆಡ್‌ಲೈಟ್ ಮುಟ್ಟದ ಪಕ್ಕದ ಜಾಗವನ್ನು ಅದು ಮುಟ್ಟುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗ ದಾಟಿದರೆ ಇದು ಹೊತ್ತಿಕೊಳ್ಳಬಾರದೆಂಬುದು ಯುರೋಪಿನ ದೀಪ ನಿಯಮ. ಕಾರಿನ ತಂತ್ರಾಂಶದಲ್ಲಿಯೂ ಆ ಮಿತಿಯನ್ನೇ ಇಟ್ಟಿದ್ದಾರೆ.

ಹಾಗಾದರೆ ನನ್ನ ಕಾರಿನಲ್ಲಿ ಅದು ಅಡಗಿರುವುದು ಹೇಗೆ ಸಾಧ್ಯ ಎಂಬುದು ನನ್ನ ಮೊದಲ ಪ್ರಶ್ನೆಯಾಗಿತ್ತು. ಹಳೆಯ ಕಾರುಗಳಲ್ಲಿ ಸ್ವಿಚ್ಚಿನಿಂದ ರಿಲೇಗೆ, ರಿಲೇಯಿಂದ ಬಲ್ಬಿಗೆ ತಂತಿ ಹೋಗುತ್ತಿತ್ತು; ಸ್ವಿಚ್ ಒತ್ತಿದರೆ ದೀಪ, ಅಷ್ಟೆ. ಈಗಿನ ಕಾರಿನಲ್ಲಿ ಸ್ವಿಚ್ಚು ಬರೀ ವಿನಂತಿ ಸಲ್ಲಿಸುತ್ತದೆ. ಆ ವಿನಂತಿಯನ್ನು ಕೇಳಿ ಬಲ್ಬಿಗೆ ವಿದ್ಯುತ್ ಕೊಡಬೇಕೋ ಬೇಡವೋ ಎಂದು ನಿರ್ಧರಿಸುವುದು ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಪೆಟ್ಟಿಗೆ. ಈ ಕಂಪನಿಯ ವೈರಿಂಗ್ ನಕ್ಷೆಗಳಲ್ಲಿ ಅದರ ಹೆಸರು ಜೆ519. ಎಡ ಫಾಗ್ ಬಲ್ಬು ಎಲ್22, ಬಲದ್ದು ಎಲ್23. ಸ್ಟೀರಿಂಗ್ ಎಷ್ಟು ತಿರುಗಿದೆ ಎಂದು ಅಳೆಯುವ ಸಂವೇದಕ ಜಿ85. ಈ ಪೆಟ್ಟಿಗೆಗಳೆಲ್ಲ ಪರಸ್ಪರ ಮಾತಾಡುವುದು ಬಾಷ್ ಕಂಪನಿ 1986ರಲ್ಲಿ ಜಗತ್ತಿಗೆ ಪರಿಚಯಿಸಿದ ಕ್ಯಾನ್ ಎಂಬ ಜಾಲದ ಮೂಲಕ, ಹೆಣೆದುಕೊಂಡ ಎರಡೇ ತಂತಿಗಳಲ್ಲಿ. ಒಂದೇ ಪೆಟ್ಟಿಗೆಯನ್ನು ಹಲವು ದರ್ಜೆಯ, ಹಲವು ದೇಶಗಳ ಕಾರುಗಳಿಗೆ ಕೂರಿಸುವುದು ಕಾರ್ಖಾನೆಗೆ ಅನುಕೂಲ. ಯಾವ ಕಾರಿನಲ್ಲಿ ಯಾವ ಸೌಲಭ್ಯ ನಡೆಯಬೇಕು ಎಂಬುದನ್ನು ಕೊನೆಯಲ್ಲಿ ಒಂದು ಉದ್ದನೆಯ ಸಂಖ್ಯೆಯಾಗಿ ಅದರೊಳಗೆ ಬರೆಯುತ್ತಾರೆ. ಆ ಬರಹಕ್ಕೆ ಕೋಡಿಂಗ್ ಎನ್ನುತ್ತಾರೆ.

ಮೊದಲು ನಾನು ಅಧಿಕೃತ ಸರ್ವಿಸ್ ಕೇಂದ್ರವೊಂದರಲ್ಲಿ ವಿಚಾರಿಸಿದೆ. ನಿಮ್ಮ ಮಾದರಿಗೆ ಆ ಸೌಲಭ್ಯವಿಲ್ಲ, ಕಾರ್ಖಾನೆ ಕೊಟ್ಟ ಸಂಖ್ಯೆಯನ್ನು ನಾವು ಮುಟ್ಟುವುದಿಲ್ಲ ಎಂದು ಕೌಂಟರಿನಲ್ಲಿದ್ದವರು ಹೇಳಿದರು. ಅವರ ಮಟ್ಟಿಗೆ ಅದು ಸರಿಯಾದ ಉತ್ತರವೇ. ನಂತರ ಕಲಬುರಗಿಯ ರಿಂಗ್ ರಸ್ತೆಯ ಬದಿಯಲ್ಲಿ ಬಹುಕಾಲದಿಂದ ಕಾರಿನ ವೈರಿಂಗ್ ಕೆಲಸ ಮಾಡುವ ಎಲೆಕ್ಟ್ರಿಷಿಯನ್ ಬಳಿಗೆ ಹೋದೆ. ಅವರ ಹತ್ತಿರವಿದ್ದ ಸ್ಕ್ಯಾನರ್ ದೋಷದ ಸಂಕೇತಗಳನ್ನು ಓದಿ ಅಳಿಸುತ್ತಿತ್ತೇ ಹೊರತು ಕೋಡಿಂಗ್ ಬರೆಯುತ್ತಿರಲಿಲ್ಲ. ಅದನ್ನು ಅವರು ಮುಚ್ಚಿಡಲಿಲ್ಲ. "ಅಕ್ಕಾರ, ಯಾರ ಕಡೆ ಆದರೂ ಮಾಡಸ್ರಿ, ಆದರ ಬ್ಯಾಟ್ರಿ ಮೊದಲ ನೋಡ್ರಿ. ಬರೀವಾಗ ನಡುವs ಕರೆಂಟ್ ಕೈ ಕೊಟ್ರ ಆ ಡಬ್ಬಿ ಕೆಡತದ" ಎಂದರು. ಆ ಮಾತು ಬಹಳ ಬೆಲೆಯುಳ್ಳದ್ದಾಗಿತ್ತು.

ಎಳ್ಳಮಾವಾಸ್ಯೆಗೆ ಮೂರು ದಿನ ಮುಂಚೆ ಅಳಿಯ ಬಂದ. ಜೊತೆಗೆ ಅವನ ಲ್ಯಾಪ್‌ಟಾಪ್ ಮತ್ತು ಅಮೆರಿಕದ ರಾಸ್‌ಟೆಕ್ ಕಂಪನಿಯ ವಿಸಿಡಿಎಸ್ ತಂತ್ರಾಂಶಕ್ಕೆ ಸೇರಿದ ಅಸಲಿ ಕೇಬಲ್ ತಂದಿದ್ದ. ಕೋಡಿಂಗನ್ನು ಓದಿ ಬರೆಯಲು ಫೋಕ್ಸ್‌ವ್ಯಾಗನ್, ಸ್ಕೋಡಾ, ಆಡಿ ಕಾರುಗಳಿಗೆಂದೇ ಇದು ಇದೆ. ಫೋನಿನಿಂದಲೇ ಕೆಲಸ ಮಾಡುವ ಲಿಥುವೇನಿಯಾದ ಒಬಿಡಿ ಇಲೆವೆನ್ ಇದೆ. ಫೋರ್ಡ್ ಕಾರುಗಳಿಗೆ ಫೋರ್‌ಸ್ಕ್ಯಾನ್, ಬಿಎಂಡಬ್ಲ್ಯೂಗೆ ಬಿಮ್ಮರ್‌ಕೋಡ್ ಇವೆ. ಅಗ್ಗಕ್ಕೆ ಸಿಗುವ ನಕಲಿ ಕೇಬಲ್‌ಗಳ ಬಗ್ಗೆ ನನಗೆ ಸ್ಪಷ್ಟವಾದ ಅಭಿಪ್ರಾಯವಿದೆ: ಓದುವುದಕ್ಕೇನೋ ನಡೆದೀತು, ಬರೆಯುವುದಕ್ಕೆ ಅವನ್ನು ನಂಬಬಾರದು. ಕೆಲವು ಸಾವಿರ ಉಳಿಸಲು ಹೋಗಿ ಅದರ ಎಷ್ಟೋ ಪಟ್ಟು ಬೆಲೆಯ ಮಾಡ್ಯೂಲನ್ನು ಪಣಕ್ಕಿಡುವುದು ಬುದ್ಧಿವಂತಿಕೆಯಲ್ಲ.

ಕೇಬಲ್ ಸಿಕ್ಕಿಸುವ ಜಾಗ ಚಾಲಕರ ಬದಿಯಲ್ಲಿ, ಡ್ಯಾಶ್‌ಬೋರ್ಡಿನ ಕೆಳಗಿರುತ್ತದೆ. ಹದಿನಾರು ಪಿನ್ನುಗಳ, ಮೇಲಗಲ ಕೆಳಗಿಕ್ಕಟ್ಟಾದ ಸಾಕೆಟ್ಟು. ಅಮೆರಿಕದಲ್ಲಿ 1996ರ ಮಾದರಿಗಳಿಂದ ಇದು ಎಲ್ಲ ಕಾರುಗಳಿಗೂ ಕಡ್ಡಾಯವಾಯಿತು; ನಮ್ಮ ದೇಶದಲ್ಲಿ ಕಾರು ತನ್ನ ದೋಷವನ್ನು ತಾನೇ ಪತ್ತೆಹಚ್ಚಿ ದಾಖಲಿಸುವ ಈ ಒಬಿಡಿ-2 ವ್ಯವಸ್ಥೆ ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. ಮೂಲತಃ ಹೊಗೆಯ ಮಾಲಿನ್ಯದ ಮೇಲೆ ಕಣ್ಣಿಡಲು ಮಾಡಿದ ಬಾಗಿಲಿದು, ಆದರೆ ಅದೇ ಬಾಗಿಲಿನಿಂದ ಕಂಪನಿಗಳು ತಮ್ಮ ಎಲ್ಲ ಪೆಟ್ಟಿಗೆಗಳನ್ನೂ ತಲುಪುವ ದಾರಿ ಇಟ್ಟುಕೊಂಡಿವೆ.

ಇಗ್ನಿಷನ್ ಆನ್ ಮಾಡಿ, ಎಂಜಿನ್ ಆರಿಸಿಯೇ ಇಟ್ಟು, ಮೊದಲು ವೋಲ್ಟೇಜ್ ನೋಡಿದೆವು. ಪರದೆಯ ಮೇಲೆ 12.1 ಎಂದು ಬಂತು. ಪೂರ್ತಿ ತುಂಬಿದ ಬ್ಯಾಟರಿ 12.6ರ ಆಸುಪಾಸು ತೋರಿಸಬೇಕು. ಕೀಲಿ ಆನ್ ಇದ್ದಷ್ಟು ಹೊತ್ತೂ ಫ್ಯಾನು, ದೀಪ, ಮಾಡ್ಯೂಲುಗಳೆಲ್ಲ ಬ್ಯಾಟರಿಯನ್ನು ಹೀರುತ್ತಲೇ ಇರುತ್ತವೆ. ಎಲೆಕ್ಟ್ರಿಷಿಯನ್ ಹೇಳಿದ್ದು ನೆನಪಾಯಿತು. ಅಂದಿನ ಕೆಲಸ ಅಲ್ಲಿಗೇ ನಿಲ್ಲಿಸಿ, ಚಾರ್ಜರ್ ಹಚ್ಚಿ ರಾತ್ರಿಯೆಲ್ಲ ಬಿಟ್ಟೆವು. ಅಳಿಯನಿಗೆ ಅವಸರವಿತ್ತು, ನನಗಿರಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲ ಮಾಡ್ಯೂಲುಗಳನ್ನೂ ಒಂದೊಂದಾಗಿ ಓದುವ ಆಟೋ ಸ್ಕ್ಯಾನ್ ನಡೆಸಿದೆವು. ವಿಳಾಸ 01 ಎಂಜಿನ್, 03 ಬ್ರೇಕು, 15 ಏರ್‌ಬ್ಯಾಗು, 17 ಮೀಟರ್ ಫಲಕ, 09 ನಮಗೆ ಬೇಕಾದ ಸೆಂಟ್ರಲ್ ಎಲೆಕ್ಟ್ರಿಕ್ಸ್, ಅಂದರೆ ಅದೇ ಜೆ519. ಆ ವರದಿಯನ್ನು ಲ್ಯಾಪ್‌ಟಾಪಿನಲ್ಲಿ ಉಳಿಸಿ, ನನ್ನ ಮೇಲ್‌ಗೂ ಕಳಿಸಿ, 09ರ ಕೋಡಿಂಗ್ ಸಾಲನ್ನು ನಾನು ಪಾಠದ ಟಿಪ್ಪಣಿ ಪುಸ್ತಕದಲ್ಲಿ ಕೈಯಿಂದ ಬರೆದುಕೊಂಡೆ. ಮೂವತ್ತು ಬೈಟುಗಳು, ಅಂದರೆ ಅರವತ್ತು ಅಂಕಿ-ಅಕ್ಷರಗಳು. ಬರೆದದ್ದನ್ನು ನಾನು ಓದುವುದು, ಅವನು ಪರದೆಯಲ್ಲಿ ಬೆರಳಿಟ್ಟು ತಾಳೆ ನೋಡುವುದು, ಹೀಗೆ ಎರಡು ಸಲ ಮಾಡಿದೆವು. ಈ ಇಡೀ ಕೆಲಸದಲ್ಲಿ ತಪ್ಪಿಸಲೇಬಾರದ ಹೆಜ್ಜೆ ಇದೆಂದು ನಾನು ಭಾವಿಸುತ್ತೇನೆ, ಏಕೆಂದರೆ ಹಳೆಯ ಸಂಖ್ಯೆ ಕೈಯಲ್ಲಿದ್ದರೆ ಎಲ್ಲಿಂದ ಬೇಕಾದರೂ ಹಿಂದಕ್ಕೆ ಬರಬಹುದು, ಇಲ್ಲದಿದ್ದರೆ ಬೇರೆಯವರ ಕಾರಿನ ಸಂಖ್ಯೆ ಹುಡುಕಿಕೊಂಡು ಅಲೆಯಬೇಕಾಗುತ್ತದೆ.

ನಂತರ ಮೂರು ಸಂಗತಿ ಪರೀಕ್ಷಿಸಿದೆವು. ಮಾಡ್ಯೂಲಿನ ಭಾಗದ ಸಂಖ್ಯೆ 6ಆರ್0 937 ಎಂದು ಆರಂಭವಾಗುತ್ತದೆ. ಅದರ ಕೊನೆಯ ಅಂಕಿ ಮತ್ತು ಅಕ್ಷರಗಳು ಬದಲಾದಂತೆ ಪೆಟ್ಟಿಗೆಯ ಸಾಮರ್ಥ್ಯವೂ ಬದಲಾಗುತ್ತದೆ. ನಮ್ಮದು ತಿರುವು ದೀಪ ಬಲ್ಲ ಪೆಟ್ಟಿಗೆಯಾಗಿತ್ತು. ಎರಡನೆಯದು ಸ್ಟೀರಿಂಗಿನ ಕೋನ. ಜಿಟಿ ಟಿಎಸ್‌ಐನಲ್ಲಿ ಕಾರು ಅಡ್ಡ ಜಾರದಂತೆ ಹಿಡಿಯುವ ಇಎಸ್‌ಪಿ ವ್ಯವಸ್ಥೆ ಇರುವುದರಿಂದ ಜಿ85 ಇದ್ದೇ ಇರುತ್ತದೆ. ಅಳತೆಗಳ ಪಟ್ಟಿ ತೆರೆದು ನಾನು ಸ್ಟೀರಿಂಗ್ ತಿರುಗಿಸಿದಂತೆ ಪರದೆಯಲ್ಲಿ ಕೋನ ಏರುತ್ತ ಇಳಿಯುತ್ತ ಹೋಯಿತು. ಮೂರನೆಯದು, ಎರಡೂ ಫಾಗ್ ದೀಪಗಳಿಗೆ ಮಾಡ್ಯೂಲಿನಿಂದ ಬೇರೆ ಬೇರೆ ತಂತಿ ಹೋಗಿದೆಯೇ ಎಂಬುದು. ಒಂದೇ ತಂತಿಯಿಂದ ಎರಡು ದೀಪ ಕವಲೊಡೆದಿದ್ದರೆ ಯಾವ ತಂತ್ರಾಂಶವೂ ಒಂದನ್ನು ಬಿಟ್ಟು ಇನ್ನೊಂದನ್ನು ಹೊತ್ತಿಸಲಾರದು. ಈ ಮೂರನೆಯದನ್ನು ನಾವು ನಕ್ಷೆ ನೋಡಿ ಒಪ್ಪಿಕೊಂಡೆವು, ಕಾರಿನಲ್ಲಿ ನೋಡಲಿಲ್ಲ. ಜೊತೆಗೆ ಸ್ಕ್ಯಾನ್ ವರದಿಯ 09ನೆಯ ಭಾಗದಲ್ಲಿ ಎಲ್22, ಎಲ್23 ಬಲ್ಬುಗಳ ಹೆಸರಿನಲ್ಲಿ ಎರಡು ದೋಷಗಳು ದಾಖಲಾಗಿದ್ದವು. ಹಳೆಯ ದೋಷವಿರಬಹುದು ಎಂದು ಅಳಿಸಿ ಮುಂದೆ ಹೋದೆವು. ಅಲ್ಲಿಯೇ ನಾವು ತಪ್ಪಿದ್ದು.

ಕೋಡಿಂಗ್ ಎಂದರೇನೆಂದು ಅಳಿಯ ವಿವರಿಸಿದಾಗ ನನಗೆ ನನ್ನ ತರಗತಿಯೇ ಕಣ್ಣಿಗೆ ಕಟ್ಟಿತು. ಒಂದು ಬೈಟ್ ಎಂದರೆ ಎಂಟು ಸ್ವಿಚ್ಚುಗಳ ಒಂದು ಬೋರ್ಡು. ಪ್ರತಿ ಸ್ವಿಚ್ಚೂ ಒಂದು ಬಿಟ್. ಬಲತುದಿಯ ಸ್ವಿಚ್ಚಿನ ಬೆಲೆ 1, ಅದರ ಪಕ್ಕದ್ದು 2, ಆಮೇಲೆ 4, 8, 16, 32, 64, ಕೊನೆಗೆ 128. ಆನ್ ಇರುವ ಸ್ವಿಚ್ಚುಗಳ ಬೆಲೆ ಕೂಡಿಸಿ ಹದಿನಾರರ ಎಣಿಕೆಯಲ್ಲಿ ಬರೆದರೆ ಎರಡು ಅಂಕಿಗಳಾಗುತ್ತವೆ. ಉದಾಹರಣೆಗೆ ಒಂದು ಬೈಟಿನಲ್ಲಿ 12 ಎಂದಿದೆಯೆನ್ನಿ. ಅದು ನಮ್ಮ ಹನ್ನೆರಡಲ್ಲ, ಹದಿನಾರರ ಎಣಿಕೆಯ 12, ಅಂದರೆ 16 ಮತ್ತು 2 ಬೆಲೆಯ ಎರಡು ಸ್ವಿಚ್ಚುಗಳು ಆನ್ ಇವೆ ಎಂದರ್ಥ. ಅದರಲ್ಲಿ 64ರ ಬೆಲೆಯ ಸ್ವಿಚ್ಚನ್ನೂ ಹಾಕಿದರೆ 12 ಹೋಗಿ 52 ಆಗುತ್ತದೆ. ಹತ್ತರ ಎಣಿಕೆಯಲ್ಲಿ 18 ಇದ್ದದ್ದು 82 ಆದಂತೆ. ನಮ್ಮ ಕೆಲಸವೂ ಇಷ್ಟೇ, ಅರವತ್ತು ಅಂಕಿಗಳಲ್ಲಿ ಒಂದೇ ಒಂದು ಅಂಕಿ ಬದಲಾಗಬೇಕು. ಯಾವ ಬೈಟು, ಯಾವ ಬಿಟ್ಟು ಎಂದು ನಾನು ಇಲ್ಲಿ ಬರೆಯದೆ ಬಿಟ್ಟಿರುವುದಕ್ಕೆ ಕಾರಣವಿದೆ: ಮಾಡ್ಯೂಲಿನ ಭಾಗದ ಸಂಖ್ಯೆ ಬದಲಾದರೆ ಅದೂ ಬದಲಾಗುತ್ತದೆ, ನನ್ನ ಕಾರಿನ ಸಂಖ್ಯೆ ನೋಡಿ ಇನ್ನೊಬ್ಬರು ತಮ್ಮ ಕಾರಿನಲ್ಲಿ ಬ್ರೇಕ್ ದೀಪದ್ದೋ ವೈಪರಿನದ್ದೋ ಸ್ವಿಚ್ಚು ಬಂದ್ ಮಾಡಿಕೊಳ್ಳಬಾರದು. ವಿಸಿಡಿಎಸ್‌ನಲ್ಲಿ ಲಾಂಗ್ ಕೋಡಿಂಗ್ ಕಿಟಕಿ ತೆರೆದರೆ ಪ್ರತಿ ಬಿಟ್ಟಿನ ಎದುರೂ ಅದರ ಕೆಲಸವೇನೆಂದು ಬರೆದಿರುತ್ತದೆ. ನಿಮ್ಮ ಮಾಡ್ಯೂಲಿಗೆ ಅದು ಏನು ಹೇಳುತ್ತದೆಯೋ ಅದನ್ನೇ ನಂಬಬೇಕು. ಎದುರಿಗೆ ಏನೂ ಬರೆಯದ ಬಿಟ್ಟನ್ನು ಕುತೂಹಲಕ್ಕೆಂದು ಮುಟ್ಟಬಾರದು.

ಫಾಗ್ ದೀಪವೇ ತಿರುವು ದೀಪವಾಗಿ ಕೆಲಸ ಮಾಡಲಿ ಎಂಬ ಸಾಲಿನ ಎದುರು ಗುರುತು ಹಾಕಿ, ಹೊಸ ಸಂಖ್ಯೆಯನ್ನು ಹಳೆಯದರ ಕೆಳಗೆ ಬರೆದುಕೊಂಡು, ಒಂದೇ ಅಂಕಿ ಬದಲಾಗಿದೆಯೆಂದು ನೋಡಿ, ಬರೆಯುವ ಗುಂಡಿ ಒತ್ತಲು ಅವನಿಗೆ ಹೇಳಿದೆ. ಎರಡು ಸೆಕೆಂಡಿನಲ್ಲಿ ಕೋಡಿಂಗ್ ಸ್ವೀಕೃತವಾಯಿತೆಂಬ ಸಂದೇಶ ಬಂತು. ಬರೆದವರ ವರ್ಕ್‌ಶಾಪ್ ಸಂಖ್ಯೆಯನ್ನೂ ಮಾಡ್ಯೂಲು ತನ್ನಲ್ಲಿ ಇಟ್ಟುಕೊಳ್ಳುತ್ತದೆ. ವಾರಂಟಿ ಇರುವ ಕಾರಿನವರು ಇದನ್ನು ತಿಳಿದಿರಬೇಕು, ಯಾರೋ ಹೊರಗಿನವರು ಬರೆದಿದ್ದಾರೆಂಬುದು ಅದರಿಂದ ಗೊತ್ತಾಗುತ್ತದೆ. ನನ್ನ ಕಾರಿನ ವಾರಂಟಿ ಮುಗಿದು ವರ್ಷಗಳೇ ಆಗಿದ್ದವು.

ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್ ಹಾಕಿ, ಮನೆಯ ಕಂಪೌಂಡಿನ ಗೋಡೆಗೆ ಎದುರಾಗಿ ಕಾರು ನಿಲ್ಲಿಸಿ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿದೆ. ಬಲಗಡೆಯ ಫಾಗ್ ದೀಪ ಒಮ್ಮೆ ಪಕ್ಕನೆ ಹೊತ್ತಿ, ಕೆಟ್ಟ ಟ್ಯೂಬ್‌ಲೈಟಿನಂತೆ ಮಿಣುಕತೊಡಗಿತು. ಎಡಕ್ಕೆ ತಿರುಗಿಸಿದರೆ ಎಡದ ದೀಪ ಹೊತ್ತಲೇ ಇಲ್ಲ. ಮೀಟರ್ ಫಲಕದಲ್ಲಿ ಬಲ್ಬಿನ ಚಿಹ್ನೆ ಹಳದಿಯಾಗಿ ಮೂಡಿತು. ಅಳಿಯ ಇನ್ನೊಂದು ಬಿಟ್ ಕೂಡ ಹಾಕಬೇಕೇನೋ, ನೋಡೋಣ ಎಂದು ಲ್ಯಾಪ್‌ಟಾಪಿಗೆ ಕೈ ಹಾಕಿದ. ನಾನು ತಡೆದೆ. ಪ್ರಯೋಗದಲ್ಲಿ ಒಂದೇ ಸಲಕ್ಕೆ ಎರಡು ಅಂಶ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲವೆಂದು ಮಕ್ಕಳಿಗೆ ಪ್ರತಿ ವರ್ಷ ಹೇಳುವವಳು ನಾನು. ಹಳೆಯ ಅಂಕಿಯನ್ನು ಮರಳಿ ಬರೆಸಿದೆ. ಎಲ್ಲ ಮೊದಲಿನಂತಾಯಿತು.

ಆಮೇಲೆ ಔಟ್‌ಪುಟ್ ಟೆಸ್ಟ್ ಎಂಬ ಸೌಲಭ್ಯ ಬಳಸಿದೆವು. ಇದರಲ್ಲಿ ಮಾಡ್ಯೂಲಿಗೆ ಒಂದೊಂದೇ ದೀಪವನ್ನು ಹೊತ್ತಿಸು ಎಂದು ನೇರವಾಗಿ ಹೇಳಬಹುದು. ನಾನು ಬಂಪರಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ನೋಡಿದೆ. ಬಲದ್ದನ್ನು ಹೊತ್ತಿಸಿದಾಗ ಬಲದ್ದೇ ಹೊತ್ತಿತು, ಎಡದ್ದು ತಣ್ಣಗಿತ್ತು. ತಂತಿಗಳು ಬೇರೆ ಬೇರೆ ಎಂಬುದು ಈಗ ಕಣ್ಣಾರೆ ಖಚಿತವಾಯಿತು. ಎಡದ್ದು ಹೊತ್ತಿ ಒಡನೆಯೇ ಆರಿತು. ಮತ್ತು ಅಷ್ಟು ಹತ್ತಿರದಿಂದ ನೋಡಿದಾಗಲೇ ನನಗೆ ಗೊತ್ತಾದದ್ದು, ಗಾಜಿನೊಳಗೆ ಇದ್ದದ್ದು ತಂತು ಇರುವ ಬಲ್ಬಲ್ಲ. ಎರಡೂ ಕಡೆ, ಆರಿದ್ದಾಗ ಹಳದಿ ಚುಕ್ಕೆಗಳಂತೆ ಕಾಣುವ ಎಲ್‌ಇಡಿ. ಹಿಂದಿನ ಮಾಲೀಕರು ಬೆಳಕು ಬಿಳಿಯಾಗಿರಲೆಂದು ಹೊರಗಡೆ ಹಾಕಿಸಿದ್ದಂತೆ. ಫೋನ್ ಮಾಡಿ ಕೇಳಿದಾಗ ಹೌದೆಂದರು.

ಇದರ ಕಾರಣ ತಿಳಿದುಕೊಳ್ಳುವುದು ಈ ಕೆಲಸಕ್ಕೆ ಕೈಹಾಕುವ ಎಲ್ಲರಿಗೂ ಉಪಯುಕ್ತ. ಮಾಡ್ಯೂಲು ಬಲ್ಬಿಗೆ ವಿದ್ಯುತ್ತನ್ನು ಹೊಳೆಯಂತೆ ಸತತವಾಗಿ ಬಿಡುವುದಿಲ್ಲ. ಸೆಕೆಂಡಿಗೆ ಹಲವಾರು ಬಾರಿ ಕೊಟ್ಟು ತಡೆದು, ಕೊಟ್ಟು ತಡೆದು, ಕೊಡುವ ಮತ್ತು ತಡೆಯುವ ಹೊತ್ತಿನ ಪ್ರಮಾಣ ಬದಲಿಸುವುದರಿಂದಲೇ ಬೆಳಕನ್ನು ಏರಿಳಿಸುತ್ತದೆ. ಹ್ಯಾಲೊಜನ್ ಬಲ್ಬಿನ ತಂತು ಒಮ್ಮೆ ಕಾದರೆ ಆ ಸಣ್ಣ ತಡೆಗಳಲ್ಲಿ ಆರುವುದಿಲ್ಲ, ಆದ್ದರಿಂದ ಕಣ್ಣಿಗೆ ಸ್ಥಿರವಾದ ಬೆಳಕೇ ಕಾಣುತ್ತದೆ. ಎಲ್‌ಇಡಿಗೆ ಕಾವಿನ ಆಸರೆಯಿಲ್ಲ. ವಿದ್ಯುತ್ ತಡೆದ ಕ್ಷಣವೇ ಆರುತ್ತದೆ, ಅದರ ಬುಡದಲ್ಲಿರುವ ಚಿಕ್ಕ ಡ್ರೈವರ್ ಸರ್ಕ್ಯೂಟು ಪ್ರತಿ ತಡೆಗೂ ಮತ್ತೆ ಮೊದಲಿನಿಂದ ಶುರುವಾಗಲು ನೋಡುತ್ತದೆ. ಎರಡನೆಯ ಕಾರಣ, ದೀಪ ಆರಿರುವಾಗಲೂ ಮಾಡ್ಯೂಲು ಆಗಾಗ ಸೂಕ್ಷ್ಮ ಮಿಡಿತವೊಂದನ್ನು ಕಳಿಸಿ ಬಲ್ಬು ಇದೆಯೇ, ಸುಟ್ಟಿದೆಯೇ ಎಂದು ನಾಡಿ ಹಿಡಿದು ನೋಡುತ್ತದೆ. ತಣ್ಣಗಿನ ತಂತುವಿನ ರೋಧ ತೀರಾ ಕಡಿಮೆ, ಹಾಗಾಗಿ ಪ್ರವಾಹ ಚೆನ್ನಾಗಿ ಹರಿದು ಮಾಡ್ಯೂಲಿಗೆ ಸಮಾಧಾನವಾಗುತ್ತದೆ. ಎಲ್‌ಇಡಿ ಅಷ್ಟು ಪ್ರವಾಹ ಎಳೆಯುವುದಿಲ್ಲ. ಬಲ್ಬು ಸುಟ್ಟಿದೆಯೆಂದು ತಿಳಿದ ಮಾಡ್ಯೂಲು ದೋಷ ದಾಖಲಿಸುತ್ತದೆ. ನಾವು ಅಳಿಸಿ ಹಾಕಿದ ಆ ಎರಡು ಸಾಲುಗಳು ಹೇಳುತ್ತಿದ್ದುದು ಇದನ್ನೇ.

ಮಾರನೆಯ ದಿನ ಮತ್ತೆ ಅದೇ ಎಲೆಕ್ಟ್ರಿಷಿಯನ್ ಬಳಿಗೆ ಹೋದೆವು. ದೀಪದ ಸುತ್ತಲಿನ ಜಾಲರಿಯನ್ನು ಕೊಕ್ಕೆಯಿಂದ ಎಳೆದು ತೆಗೆದು, ಟಾರ್ಕ್ಸ್ ಸ್ಕ್ರೂ ಬಿಚ್ಚಿ, ದೀಪದ ಬುರುಡೆಯನ್ನೇ ಹೊರಗೆ ತಂದರು. ಎಡಗಡೆಯ ಕನೆಕ್ಟರಿನ ಒಂದು ಪಿನ್ನಿಗೆ ಹಸಿರು ಕಿಲುಬು ಕಟ್ಟಿತ್ತು. ಎಲ್‌ಇಡಿ ಬಲ್ಬಿನ ದಪ್ಪ ಬುಡ ಸರಿಯಾಗಿ ಕೂರದೆ ಸಂದಿನಿಂದ ನೀರಿಳಿದಿರಬೇಕೆಂದು ಅವರು ಹೇಳಿದರು. ಕಿಲುಬು ಕೆರೆದು, ಕನೆಕ್ಟರ್ ಒರೆಸಿ, ಪಿನ್ನನ್ನು ಸ್ವಲ್ಪ ಬಿಗಿ ಮಾಡಿ, ಕಂಪನಿಯ ಅಳತೆಯ ಹ್ಯಾಲೊಜನ್ ಬಲ್ಬುಗಳನ್ನು ಎರಡೂ ಕಡೆ ಹಾಕಿದರು. ಹಾಕುವಾಗ ಗಾಜನ್ನು ಬೆರಳಿನಿಂದ ಮುಟ್ಟದೆ ಬಟ್ಟೆಯಲ್ಲಿ ಹಿಡಿದದ್ದನ್ನು ಕಂಡು ನನಗೆ ಗೌರವ ಹೆಚ್ಚಿತು. ಬೆರಳಿನ ಜಿಡ್ಡು ಹತ್ತಿದ ಕಡೆ ಗಾಜು ಹೆಚ್ಚು ಕಾದು ಬಲ್ಬು ಬೇಗ ಹೋಗುತ್ತದೆ. ಬಲ್ಬು, ಕೂಲಿ ಎಲ್ಲ ಸೇರಿ ಸಾವಿರ ರೂಪಾಯಿಯೊಳಗೆ ಮುಗಿಯಿತು.

ಅಂದು ಸಂಜೆ ವೋಲ್ಟೇಜ್ ನೋಡಿ, ಹೊಸದಾಗಿ ಸ್ಕ್ಯಾನ್ ಮಾಡಿ, 09ರಲ್ಲಿ ದೋಷವಿಲ್ಲವೆಂದು ಕಂಡ ಮೇಲೆ ಅದೇ ಒಂದು ಅಂಕಿಯನ್ನು ಮತ್ತೆ ಬದಲಿಸಿದೆವು. ಈ ಬಾರಿ ಸ್ಟೀರಿಂಗ್ ಎಡಕ್ಕೆ ತಿರುಗಿಸಿದಾಗ ಗೋಡೆಯ ಎಡಮೂಲೆಯಲ್ಲಿ, ತುಳಸಿ ಕಟ್ಟೆಯ ಬುಡದಲ್ಲಿ, ಹಳದಿ ಬೆಳಕು ಮೆಲ್ಲಗೆ ಅರಳಿತು. ನೇರ ಮಾಡಿದಾಗ ಥಟ್ಟನೆ ಆರದೆ, ದೀಪದ ಬತ್ತಿ ಇಳಿಸಿದಂತೆ ಮೆಲ್ಲನೆ ಕಂದಿತು. ಬಲಕ್ಕೂ ಹಾಗೆಯೇ. ಸ್ಟೀರಿಂಗ್ ನೇರವಿದ್ದು ಇಂಡಿಕೇಟರ್ ಹಾಕಿದರೂ ಆ ಕಡೆಯ ದೀಪ ಬಂತು. ಎರಡೂ ಫಾಗ್ ದೀಪಗಳನ್ನು ಸ್ವಿಚ್ಚಿನಿಂದಲೇ ಹಾಕಿದ್ದರೆ ಇದರ ಕೆಲಸ ಕಾಣುವುದಿಲ್ಲ, ಎರಡೂ ಆಗಲೇ ಉರಿಯುತ್ತಿರುತ್ತವಲ್ಲ.

ಅಳಿಯನ ಪಟ್ಟಿಯಲ್ಲಿ ಇನ್ನೂ ಹಲವು ಇದ್ದವು: ಕೀಲಿ ತಿರುಗಿಸಿದಾಗ ಮೀಟರಿನ ಮುಳ್ಳುಗಳು ಒಮ್ಮೆ ಪೂರ್ತಿ ಏರಿ ಇಳಿಯುವುದು, ಲೇನ್ ಬದಲಿಸುವಾಗ ಇಂಡಿಕೇಟರ್ ಮೂರರ ಬದಲು ಐದು ಬಾರಿ ಮಿನುಗುವುದು, ಗಾಡಿ ಲಾಕ್ ಮಾಡಿದ ಮೇಲೆ ಮನೆ ಬಾಗಿಲು ಮುಟ್ಟುವವರೆಗೆ ಹೆಡ್‌ಲೈಟ್ ಉರಿಯುವುದು. ಕೊನೆಯದೊಂದನ್ನು ಮಾಡಿಸಿಕೊಂಡೆ, ನಮ್ಮ ಓಣಿಯಲ್ಲಿ ಬೀದಿದೀಪ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಮುಳ್ಳಿನ ಕುಣಿತ ಬೇಡವೆಂದೆ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ನನ್ನ ತಮ್ಮ, ಸೀಟ್ ಬೆಲ್ಟಿನ ಕಿರಿಕಿರಿ ಸದ್ದನ್ನೂ ಇದರಲ್ಲಿಯೇ ಬಂದ್ ಮಾಡಬಹುದಲ್ಲ ಎಂದ. ಮಾಡಬಹುದು, ಮಾಡುವುದಿಲ್ಲ ಎಂದು ಹೇಳಿದೆ. ಜೀವ ಕಾಯುವ ಎಚ್ಚರಿಕೆಯನ್ನು ಬಾಯಿಮುಚ್ಚಿಸಲು ಈ ಕೇಬಲ್ ಬಳಸುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಏರ್‌ಬ್ಯಾಗಿನ ವಿಳಾಸ 15ನ್ನಂತೂ ಓದುವುದಕ್ಕೆ ಹೊರತು ತೆರೆಯಲೇಬಾರದೆಂದು ನಾನೂ ಅವನೂ ಮೊದಲೇ ಮಾತಾಡಿಕೊಂಡಿದ್ದೆವು.

ಎಳ್ಳಮಾವಾಸ್ಯೆಯ ದಿನ ಎಲ್ಲರೂ ಊರಿಗೆ ಹೋದೆವು. ಕಟ್ಟಿ ಸಂಗಾವಿಯ ಬಳಿ ಭೀಮಾ ಸೇತುವೆ ದಾಟುವಾಗ ಹೊಳೆಯ ಮೇಲೆ ಮಂಜು ದಟ್ಟವಾಗಿತ್ತು. ಅಲ್ಲಿ ಫಾಗ್ ದೀಪಗಳು ಜೋಡಿಯಾಗಿ ತಮ್ಮ ಮೂಲ ಕೆಲಸವನ್ನೇ ಮಾಡಿದವು, ಎಲ್‌ಇಡಿಯ ಬಿಳಿ ಬೆಳಕಿಗಿಂತ ಈ ಹಳದಿ ಬೆಳಕಿನಲ್ಲಿ ರಸ್ತೆಯ ಅಂಚು ನನಗೆ ಸ್ಪಷ್ಟವಾಗಿ ಕಂಡಿತು. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ ಭಜ್ಜಿ ಉಂಡು, ಹೊತ್ತು ಮುಳುಗಿದ ಮೇಲೆ ಅವ್ವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಮನೆಯ ಕಡೆ ಹೊರಟೆ. ಅಮಾವಾಸ್ಯೆಯ ರಾತ್ರಿ, ಚಂದ್ರನಿಲ್ಲ. ಅಗಸಿಯೊಳಗೆ ನಿಧಾನವಾಗಿ ಬಂದು ಇಂಡಿಕೇಟರ್ ಹಾಕಿ ಸ್ಟೀರಿಂಗ್ ಎಡಕ್ಕೆ ಹೊರಳಿಸುವ ಮೊದಲೇ ಎಡಬದಿ ಬೆಳಗಿತು. ಗಟಾರದ ಅಂಚು, ಒಡೆದ ಪರಸಿ, ಕಟ್ಟೆಯ ಮೂಲೆಯಲ್ಲಿ ಯಾರೋ ಬಿಟ್ಟುಹೋದ ಕೋಲು, ತೊಗರಿ ಕಟ್ಟಿಗೆಯ ಒಂದೊಂದು ಎಳೆಯೂ ಬೇರೆ ಬೇರೆಯಾಗಿ ಕಂಡವು. "ಕಟ್ಟಿ ಮ್ಯಾಲ ದೀಪಾ ಹಚ್ಚಿದಂಗ ಆತಲ್ಲ" ಎಂದು ಅವ್ವ ಹೇಳಿದಳು. ನಾನು ಕಾರು ನಿಲ್ಲಿಸಿ, ಹಿಂದಕ್ಕೆ ತೆಗೆದುಕೊಂಡು, ಅದೇ ತಿರುವನ್ನು ಇನ್ನೊಮ್ಮೆ ಹಾಯ್ದೆ.

ಇದರ ಮಿತಿಗಳನ್ನೂ ಹೇಳಬೇಕು. ಬೆಳಕು ಕಾರಿನ ಪಕ್ಕಕ್ಕೆ ಕೆಲವೇ ಮೀಟರ್‌ಗಳಷ್ಟು ಬೀಳುತ್ತದೆ, ವೇಗವಾಗಿ ತಿರುಗುವವರಿಗೆ ಅದರಿಂದ ಉಪಯೋಗವಿಲ್ಲ. ಬೀದಿದೀಪಗಳಿರುವ ಕಲಬುರಗಿಯ ದೊಡ್ಡ ರಸ್ತೆಗಳಲ್ಲಿ ಅದು ಹೊತ್ತಿದ್ದೇ ತಿಳಿಯುವುದಿಲ್ಲ. ದಿನಕ್ಕೆ ಹತ್ತಾರು ಸಲ ಹೊತ್ತಿ ಆರುವುದರಿಂದ ಬಲ್ಬಿನ ಆಯುಸ್ಸು ಕಡಿಮೆಯಾಗುತ್ತದೆಂಬ ಲೆಕ್ಕವನ್ನೂ ಇಟ್ಟುಕೊಂಡು ಡಿಕ್ಕಿಯಲ್ಲಿ ಒಂದು ಹೆಚ್ಚುವರಿ ಬಲ್ಬು ಇಟ್ಟಿದ್ದೇನೆ. ಹಳೆಯ ಮತ್ತು ಹೊಸ ಎರಡೂ ಕೋಡಿಂಗ್ ಸಾಲುಗಳನ್ನು ಬರೆದ ಹಾಳೆಯನ್ನು ಗ್ಲವ್ ಬಾಕ್ಸಿನಲ್ಲಿ, ಆರ್‌ಸಿ ಪ್ರತಿಯ ಜೊತೆ ಮಡಿಸಿ ಇಟ್ಟಿದ್ದೇನೆ. ಸರ್ವಿಸಿಗೆ ಬಿಟ್ಟಾಗ ಬದಲಾವಣೆ ಮಾಡಿರುವುದನ್ನು ಅಲ್ಲಿಯವರಿಗೆ ಮೊದಲೇ ಹೇಳುತ್ತೇನೆ.

ಯುಗಾದಿಗೆ ಅಳಿಯ ಮತ್ತೆ ಬಂದಾಗ ಕೇಬಲ್ ಹಚ್ಚಿ ನೋಡಿದೆವು. 09ರಲ್ಲಿ ಒಂದೂ ದೋಷವಿರಲಿಲ್ಲ. ಬೇರೆ ಎರಡು ಮಾಡ್ಯೂಲುಗಳಲ್ಲಿ ಮಾತ್ರ ವೋಲ್ಟೇಜ್ ಒಮ್ಮೆ ತಗ್ಗಿತ್ತೆಂಬ ದಾಖಲೆಯಿತ್ತು. ಬ್ಯಾಟರಿಯ ಮೇಲಿನ ತಾರೀಖು ನೋಡಿದರೆ ಐದು ವರ್ಷ ದಾಟಿತ್ತು. ಆ ವಾರವೇ ಅದನ್ನು ಬದಲಾಯಿಸಿದೆ.